ನೀನಿದ್ದೀಯಲ್ಲ

ಬೆಳಿಗ್ಗೆ ಆ ಮನೆಯಲ್ಲಿ ಮೊದಲು ಏಳುವವಳು ಅಮ್ಮ. ಅವಳ ಹಿಂದೆಯೇ ಏಳುವುದು ಗಲಾಟೆ. ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಹೋಟೆಲುಗಳ ಚಾದರ, ಆಸ್ಪತ್ರೆಯ ಕೋಟು ರಾಶಿಬಿದ್ದು ಕಾಯುತ್ತಿರುತ್ತಿದ್ದವು. ಅನ್ನ ಬೇಯುವಷ್ಟರಲ್ಲಿ ಅವಳು ಸ್ನಾನ ಮುಗಿಸಿ, ಮಕ್ಕಳ ಡಬ್ಬಿ ತುಂಬಿ, ಅರ್ಧ ಲೋಟ ಟೀ ನಿಂತಲ್ಲೇ ಕುಡಿದು ಚಪ್ಪಲಿ ಮೆಟ್ಟಿರುತ್ತಿದ್ದಳು. ಅಪ್ಪ ಲಿಫ್ಟ್ ರಿಪೇರಿಯವನು. ಎಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಅವನ ಫೋನು ಬಡಿದುಕೊಳ್ಳುತ್ತಿತ್ತು. ಊರವರನ್ನೆಲ್ಲ ಬಿಡಿಸಿ ಮನೆಗೆ ಬರುವಷ್ಟರಲ್ಲಿ ಅವನಲ್ಲಿ ಮಾತಾಡುವ ತ್ರಾಣ ಉಳಿದಿರುತ್ತಿರಲಿಲ್ಲ. ಇನ್ನು ಅಜ್ಜಿ, ಅಪ್ಪನ ತಾಯಿ. ಮಂಡಿನೋವಿನಿಂದಾಗಿ ಕುರ್ಚಿ ಬಿಟ್ಟು ಏಳಲಾರಳು. ಆ ಕುರ್ಚಿಯಲ್ಲಿ ಕೂತೇ ಇಡೀ ಮನೆ ಆಳುತ್ತಿದ್ದಳು.

ಮಕ್ಕಳಿಬ್ಬರು, ಎರಡೂ ಹೆಣ್ಣು. ದೊಡ್ಡವಳಿಗೆ ಹದಿನಾಲ್ಕು, ಚಿಕ್ಕವಳಿಗೆ ಹನ್ನೆರಡು. ಆದರೂ ಇಬ್ಬರದೂ ಒಂದೇ ತರಗತಿ, ಒಂದೇ ಬೆಂಚು.

ದೊಡ್ಡವಳಿಗೆ ಆಟಿಸಂ ಇದೆ ಎಂದು ಡಾಕ್ಟರು ಹೇಳಿದಾಗ ಅವಳಿನ್ನೂ ಅಂಬೆಗಾಲು ಬಿಟ್ಟು ನಡೆಯಲು ಕಲಿತಿದ್ದಳಷ್ಟೆ. ಅಪ್ಪ ಅಮ್ಮ ಆ ಪದವನ್ನು ಮನೆಗೆ ತಂದರು. ತಂದು ಎಲ್ಲಿಡಬೇಕೆಂದು ತಿಳಿಯದೆ ಸುಮ್ಮನಾದರು. ಅವಳಿಗೆ ಮಾತು ಬರುತ್ತಿತ್ತು. ಆದರೆ ಯಾರೇನು ಕೇಳಿದರೂ ಮೊದಲು ಆ ಪ್ರಶ್ನೆಯನ್ನೇ ತಿರುಗಿ ಹೇಳುತ್ತಿದ್ದಳು. ಅನ್ನಕ್ಕೆ ಬೇಳೆ ತಾಗಿದರೆ ತಟ್ಟೆ ದೂಡುತ್ತಿದ್ದಳು. ಸಣ್ಣ ವಯಸ್ಸಿನಲ್ಲಿ ಅಪ್ಪನ ಜೊತೆ ಕೆಲಸಕ್ಕೆ ಹೋಗಿ ಹೋಗಿ, ಲಿಫ್ಟಿನೊಳಗೆ ಮಾತಾಡುವ ಹೆಂಗಸಿನ ದನಿ ಅವಳಿಗೆ ಬಾಯಿಪಾಠವಾಗಿತ್ತು. ಸುತ್ತ ಸದ್ದು ಹೆಚ್ಚಾದರೆ, ಯಾರಾದರೂ ಮೈಮೇಲೆ ಬಿದ್ದಂತೆ ಬಂದರೆ, ಅದೇ ನಯವಾದ ದನಿಯಲ್ಲಿ "ಬಾಗಿಲು ಮುಚ್ಚುತ್ತಿದೆ. ದಯವಿಟ್ಟು ದೂರ ನಿಲ್ಲಿ" ಎನ್ನುತ್ತಿದ್ದಳು. ಅದಕ್ಕೇ ತರಗತಿಯವರು ಅವಳಿಗೆ ಇಟ್ಟ ಹೆಸರು ಲಿಫ್ಟು. ಯಾವಾಗಲೂ ಅವಳಿಗೆ ಅಂಟಿಕೊಂಡೇ ಇರುವ ಚಿಕ್ಕವಳು ಬಾಲ.

ತಂಗಿ ಪಕ್ಕದಲ್ಲೇ ಕೂರಬೇಕು ಎನ್ನುವುದು ಶಾಲೆಯ ಷರತ್ತು. ಚಿಕ್ಕವಳಿಗೆ ಮನೆಯಲ್ಲಿ ಹೇಳಿದ್ದು ಹಾಗೆ. ಗೋಡೆಯ ಕಡೆ ದೊಡ್ಡವಳು, ಹೊರಗಡೆ ಚಿಕ್ಕವಳು. ಅಕ್ಕ ಎದ್ದು ಓಡದ ಹಾಗೆ ಅವಳ ಮಣಿಕಟ್ಟಿನ ಮೇಲೆ ಚಿಕ್ಕವಳ ಎಡಗೈ ಸದಾ ಇರುತ್ತಿತ್ತು. ಅಕ್ಕ ಎಡಗೈಯಲ್ಲಿ ಬರೆಯುವವಳಾದ್ದರಿಂದ ಇಬ್ಬರ ಬರವಣಿಗೆಗೂ ಅಡ್ಡಿಯಿರಲಿಲ್ಲ. ಒಳ್ಳೆಯ ಏರ್ಪಾಡು ಎಂದು ಎಲ್ಲರೂ ಹೇಳುತ್ತಿದ್ದರು. ಚಿಕ್ಕವಳು ನೀರು ಕುಡಿಯಲು ಹೋದರೆ ಅಕ್ಕನೂ ಹೋಗಬೇಕು. ಅಕ್ಕನಿಗೆ ಆಟದ ಮೈದಾನದ ಕೂಗಾಟ ಆಗುವುದಿಲ್ಲವಾದ್ದರಿಂದ ಚಿಕ್ಕವಳೂ ಹೋಗಬಾರದು.

ಒಂದು ಸೋಮವಾರ ಕ್ಲಾಸ್ ಮಿಸ್ಸು ನೀಲಿ ಕಾಗದದ ಸುರುಳಿಗಳನ್ನು ಹೊತ್ತುಕೊಂಡು ಬಂದರು.

"ಈ ತಿಂಗಳ ಕೊನೆಗೆ ನಮ್ಮ ಶಾಲೇಲಿ ಆಟಿಸಂ ಅರಿವಿನ ವಾರ. ಪೋಸ್ಟರ್ ಬರೆಯೋದಿದೆ. ಕೊನೇ ದಿನ ದೊಡ್ಡ ಹಾಲಲ್ಲಿ ಕಾರ್ಯಕ್ರಮ."

"ಮಿಸ್, ಆಟಿಸಂ ಅಂದ್ರೆ ಆಟ ಜಾಸ್ತಿ ಆಡೋದಾ?" ಎಂದು ಹಿಂದಿನ ಬೆಂಚಿನ ಉದ್ದಕಾಲಿನ ಹುಡುಗ ಕೇಳಿದ.

ತರಗತಿ ಗೊಳ್ಳೆಂದಿತು. ಆ ಸದ್ದಿಗೆ ದೊಡ್ಡವಳು ಕಿವಿ ಮುಚ್ಚಿಕೊಳ್ಳಲು ಹೋದಳು. ಒಂದು ಕೈ ಮಾತ್ರ ಎದ್ದಿತು. ಇನ್ನೊಂದು ಚಿಕ್ಕವಳ ಕೈಯಡಿ ಇತ್ತು.

"ನಗೋದಲ್ಲ," ಎಂದರು ಮಿಸ್ಸು. "ಅದೊಂದು... ಸ್ಥಿತಿ. ಅಂಥವರನ್ನ ನಾವು ಪ್ರೀತಿಯಿಂದ ನೋಡ್ಕೋಬೇಕು." ಹೇಳುತ್ತ ಗೋಡೆಯ ಪಕ್ಕದ ಬೆಂಚಿನ ಕಡೆ ನೋಡಿದರು. ಅವರು ನೋಡಿದ್ದೇ ತಡ, ತರಗತಿಯ ಕತ್ತುಗಳೆಲ್ಲ ಅತ್ತ ತಿರುಗಿದವು.

ಅದೇ ದಿನ ಮಧ್ಯಾಹ್ನ ಹೆಡ್ ಮೇಡಂ ಚಿಕ್ಕವಳನ್ನು ಕರೆಸಿದರು. ಅಕ್ಕನನ್ನು ಬಿಟ್ಟು ಬರುವಂತಿಲ್ಲವಲ್ಲ, ಇಬ್ಬರೂ ಹೋಗಿ ನಿಂತರು.

"ಕಾರ್ಯಕ್ರಮದಲ್ಲಿ ನೀನು ಮಾತಾಡ್ಬೇಕು," ಎಂದರು ಮೇಡಂ. "ಅಕ್ಕ ಪಕ್ಕದಲ್ಲಿ ನಿಂತಿರ್ಲಿ, ಸಾಕು. ನಿನ್ನ ಮಾತು ಮಿಸ್ಸು ಬರ್ಕೊಡ್ತಾರೆ. ಬಂದೋರ ಕಣ್ಣಲ್ಲಿ ನೀರು ಬರ್ಬೇಕು, ನೋಡು."

"ಮೇಡಂ, ಅವಳಿಗೆ ಮೈಕಿನ ಸದ್ದು ಆಗಲ್ಲ. ಜನ ಜಾಸ್ತಿ ಇದ್ರೂ ಆಗಲ್ಲ."

"ನೀನಿದ್ದೀಯಲ್ಲ," ಎಂದು ಮೇಡಂ ನಕ್ಕರು.

ಆ ಮಾತು ಚಿಕ್ಕವಳಿಗೆ ಹೊಸದಲ್ಲ. ಮನೆಗೆ ಬಂದ ನೆಂಟರು ಹೊರಡುವಾಗ ಅಮ್ಮನ ಭುಜ ತಟ್ಟಿ, "ಯೋಚನೆ ಯಾಕೆ, ಚಿಕ್ಕವಳಿದ್ದಾಳಲ್ಲ" ಎನ್ನುತ್ತಿದ್ದರು. ಅಜ್ಜಿ ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ, "ನೀನಿದ್ದೀಯಲ್ಲ ತಾಯಿ, ನಾನು ನೆಮ್ಮದಿಯಾಗಿ ಕಣ್ಣು ಮುಚ್ತೀನಿ" ಎನ್ನುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ಹೊರಗಿನಿಂದ ಯಾರೋ ಚಿಲಕ ಹಾಕಿದಂತೆ ಅವಳಿಗೆ ಆಗುತ್ತಿತ್ತು.

ಆದರೆ ಆ ವಾರ ಅವಳ ತಲೆಯಲ್ಲಿದ್ದದ್ದು ಬೇರೆಯೇ. ತರಗತಿಯಲ್ಲಿ ಲಾಯರ್ ಎಂದು ಹೆಸರಾದ ಹುಡುಗಿಯೊಬ್ಬಳಿದ್ದಳು. ದಪ್ಪ ಕನ್ನಡಕ, ಎಲ್ಲದಕ್ಕೂ 'ಯಾಕೆ' ಕೇಳಿ ಮೇಷ್ಟರುಗಳ ಜೀವ ಹಿಂಡುವ ಸ್ವಭಾವ. ಅವಳ ಪಕ್ಕ ಕೂರುತ್ತಿದ್ದವಳು ಶಾಲೆ ಬಿಟ್ಟು ಹೋಗಿದ್ದಳು. ಜಾಗ ಖಾಲಿಯಿತ್ತು. "ಬರ್ತೀಯಾ?" ಎಂದು ಲಾಯರ್ ಒಮ್ಮೆ ಕೇಳಿದ್ದಳು, ಅಷ್ಟೆ. ಚಿಕ್ಕವಳು ಅದನ್ನು ಬಾಯೊಳಗೆ ಇಟ್ಟುಕೊಂಡ ಸಕ್ಕರೆಯ ಹಾಗೆ ಚಪ್ಪರಿಸುತ್ತಿದ್ದಳು.

ರಾತ್ರಿ ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು.

"ಅಮ್ಮ, ನಾನು ಬೇರೆ ಬೆಂಚಲ್ಲಿ ಕೂತ್ಕೊಳ್ಲಾ?"

ಅಮ್ಮ ದೊಡ್ಡವಳ ತಟ್ಟೆಯಲ್ಲಿ ಅನ್ನಕ್ಕೂ ಬೇಳೆಗೂ ನಡುವೆ ಜಾಗ ಬಿಡುತ್ತಿದ್ದಳು. ಕೈ ಅಲ್ಲೇ ನಿಂತಿತು. "ಯಾಕೆ? ಏನಾಯ್ತು?"

"ಏನೂ ಆಗಿಲ್ಲ. ಸುಮ್ನೆ. ಒಂದು ಪೀರಿಯಡ್ಡು."

"ಒಂದು ಪೀರಿಯಡ್ಡಂತೆ!" ಎಂದಳು ಅಜ್ಜಿ ಕುರ್ಚಿಯಿಂದ. "ಇವತ್ತು ಬೆಂಚು ಬೇರೆ, ನಾಳೆ ದಾರಿ ಬೇರೆ. ಒಡಹುಟ್ಟಿದೋಳು ಕಣೇ, ಬಾಡಿಗೆ ಮನೆಯಲ್ಲ ಖಾಲಿ ಮಾಡೋಕೆ."

"ನಾನೇನು ಅವಳನ್ನ ಬಿಟ್ಟು ಓಡಿ ಹೋಗ್ತೀನಿ ಅಂದ್ನಾ?"

"ದನಿ ಇಳಿಸು," ಎಂದ ಅಪ್ಪ. ಅವನ ಉಗುರುಸಂದಿಯ ಗ್ರೀಸು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. "ಶಾಲೆಯೋರು ಒಪ್ಕೊಂಡಿದ್ದೇ ನೀನು ಪಕ್ಕ ಇರ್ತೀಯ ಅಂತ. ಹಿಂದಿನ ಶಾಲೆಯೋರು ಕೈಗೆ ಟಿ.ಸಿ. ಕೊಟ್ಟು ಕಳ್ಸಿದ್ದು ಮರ್ತ್ಯಾ? ಈ ಮಾತು ಇಲ್ಲಿಗೇ ಮುಗೀತು."

"ಮುಗೀತು," ಎಂದಳು ದೊಡ್ಡವಳು, ತಟ್ಟೆಯಿಂದ ತಲೆಯೆತ್ತದೆ.

ಮುಗಿಯಿತು. ಚಿಕ್ಕವಳು ಎದ್ದು ಪಾತ್ರೆ ತಿಕ್ಕಿದಳು. ಆ ದಿನ ತಟ್ಟೆಗಳು ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡಿದವು. ಅಜ್ಜಿ "ಪಾತ್ರೆ ಏನು ತಪ್ಪು ಮಾಡಿದ್ವು?" ಎಂದು ಕೇಳಿದಾಗ ಸದ್ದು ಇನ್ನೂ ಹೆಚ್ಚಾಯಿತು.

ಮುಂದಿನ ವಾರಗಳು ತಾಲೀಮಿನಲ್ಲಿ ಕಳೆದವು. ಮಿಸ್ಸು ಬರೆದುಕೊಟ್ಟ ಮಾತು ಶುರುವಾಗುತ್ತಿದ್ದದ್ದೇ "ನನ್ನ ಅಕ್ಕ ನಮ್ಮ ಮನೆಗೆ ಬಂದ ವರ" ಎಂದು. ಚಿಕ್ಕವಳು ಅದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಪ್ಪಿಸುವಾಗ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಇನ್ನೊಂದ್ಸಲ ಹೇಳು," ಎನ್ನುತ್ತಿದ್ದಳು. ಹೇಳಿ ಹೇಳಿ ದೊಡ್ಡವಳಿಗೂ ಅದು ಬಾಯಿಗೆ ಬಂತು. ಹಲ್ಲುಜ್ಜುತ್ತ, "ನನ್ನ ಅಕ್ಕ ನಮ್ಮ ಮನೆಗೆ ಬಂದ ವರ" ಎಂದು ಬಚ್ಚಲಲ್ಲಿ ಹೇಳಿಕೊಳ್ಳುತ್ತಿದ್ದಳು. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಚಿಕ್ಕವಳೂ ನಕ್ಕಳು, ಆ ದಿನಗಳಲ್ಲಿ ಅಮ್ಮನೂ ಅವಳೂ ಸೇರಿ ನಕ್ಕಿದ್ದು ಅದೊಂದೇ ಸಲ.

ಶಾಲೆಯ ಗೋಡೆಗಳ ಮೇಲೆ ಪೋಸ್ಟರುಗಳು ಹತ್ತಿದವು. ನೀಲಿ ಹೃದಯ, ನೀಲಿ ಬಲೂನು, ಕೈ ಕೈ ಹಿಡಿದು ನಿಂತ ಮಕ್ಕಳು. 'ಅವರೂ ನಮ್ಮವರೇ' ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದ ಇಬ್ಬರು ಹುಡುಗಿಯರು ಊಟದ ಹೊತ್ತಿಗೆ ಅಕ್ಕತಂಗಿಯರ ಪಕ್ಕ ಜಾಗವಿದ್ದರೂ ಡಬ್ಬಿ ಎತ್ತಿಕೊಂಡು ಮೆಟ್ಟಿಲ ಕಡೆ ಹೋದರು. ಕೆಟ್ಟವರಲ್ಲ ಅವರು. ಲಿಫ್ಟಿನ ಹತ್ತಿರ ಹೇಗೆ ಕೂರಬೇಕು, ಏನು ಮಾತಾಡಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕಾರ್ಯಕ್ರಮದ ದಿನ ಹಾಲ್ ಕಿಕ್ಕಿರಿದಿತ್ತು. ಎಲ್ಲರ ಎದೆಯ ಮೇಲೂ ನೀಲಿ ಪಟ್ಟಿ. ಅಮ್ಮ ಲಾಂಡ್ರಿಯಲ್ಲಿ ರಜೆ ಸಿಗದೆ ಬರಲಿಲ್ಲ. ಇಬ್ಬರ ಯೂನಿಫಾರ್ಮಿಗೂ ಗೆರೆ ಎದ್ದು ಕಾಣುವಂತೆ ಇಸ್ತ್ರಿ ಮಾಡಿ ಕಳಿಸಿದ್ದಳು. ಚಿಕ್ಕವಳು ಅಕ್ಕನ ಮಣಿಕಟ್ಟು ಬಿಗಿಯಾಗಿ ಹಿಡಿದು ವೇದಿಕೆ ಹತ್ತಿದಳು. ಮೈಕಿನ ಮುಂದೆ ನಿಂತು "ನನ್ನ ಅಕ್ಕ..." ಎಂದಳೋ ಇಲ್ಲವೋ, ಮೈಕು ಕುಯ್ಯೆಂದು ಕಿರುಚಿಕೊಂಡಿತು.

ದೊಡ್ಡವಳು ಹಿಂದಕ್ಕೆ ಜಗ್ಗಿದಳು. "ಬಾಗಿಲು ಮುಚ್ಚುತ್ತಿದೆ," ಎಂದಳು. ದನಿ ನಯವಾಗಿಯೇ ಇತ್ತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಅದನ್ನು ಮುಚ್ಚಲು ಯಾರೋ ಮೇಷ್ಟರು ಚಪ್ಪಾಳೆ ಶುರುಮಾಡಿದರು. ಇಡೀ ಹಾಲ್ ಚಪ್ಪಾಳೆ ತಟ್ಟಿತು. "ದಯವಿಟ್ಟು ದೂರ ನಿಲ್ಲಿ. ದಯವಿಟ್ಟು ದೂರ ನಿಲ್ಲಿ." ಚಿಕ್ಕವಳು ಇನ್ನಷ್ಟು ಬಿಗಿಯಾಗಿ ಹಿಡಿದಳು. ದೊಡ್ಡವಳು ಬಗ್ಗಿ ಆ ಕೈಯನ್ನು ಕಚ್ಚಿ, ಮೈಕಿನ ಕಂಬ ಬೀಳಿಸಿ, ವೇದಿಕೆಯಿಂದ ಧುಮುಕಿ ಓಡಿದಳು.

ಚಿಕ್ಕವಳಿಗೆ ಅವಳು ಸಿಕ್ಕಿದ್ದು ಹಿಂದುಗಡೆಯ ಕೈ ತೊಳೆಯುವ ಜಾಗದಲ್ಲಿ. ಗೋಡೆಗೆ ಮುಖ ಮಾಡಿ ಕೂತು, ಎರಡೂ ಕಿವಿ ಮುಚ್ಚಿಕೊಂಡು ತೂಗುತ್ತಿದ್ದಳು. ಚಿಕ್ಕವಳು ನಲ್ಲಿ ಬಿಟ್ಟು ಹಲ್ಲಿನ ಗುರುತು ತೊಳೆದುಕೊಂಡಳು. ಒಳಗೆ ಮೈಕು ಸರಿಹೋಗಿತ್ತು. ಅವರಿಬ್ಬರೂ ಇಲ್ಲದೆಯೇ ಕಾರ್ಯಕ್ರಮ ಮುಂದುವರಿದಿತ್ತು. ಇಂಥ ಮಕ್ಕಳನ್ನು ಸಮಾಜ ಹೇಗೆ ಒಳಗೆ ಸೇರಿಸಿಕೊಳ್ಳಬೇಕು ಎಂದು ಮೇಡಂ ಹೇಳುತ್ತಿದ್ದದ್ದು ನಲ್ಲಿಯ ಸದ್ದಿನ ನಡುವೆಯೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಅಪ್ಪನಿಗೆ ಫೋನು ಹೋಯಿತು. ಅವನು ಕೆಲಸದ ಬಟ್ಟೆಯಲ್ಲೇ ಓಡಿಬಂದ. "ಸ್ವಲ್ಪ ದಿನ ಮನೇಲಿರ್ಲಿ," ಎಂದರು ಮೇಡಂ. "ಸಮಾಧಾನ ಆದ್ಮೇಲೆ ನೋಡೋಣ. ಬೇರೆ ತಂದೆತಾಯಿಗಳೂ ನೋಡ್ತಿರ್ತಾರಲ್ಲ." ಅಪ್ಪ ಕೈ ಮುಗಿದ. ಅಪ್ಪ ಯಾರಿಗಾದರೂ ಹಾಗೆ ಬಗ್ಗಿದ್ದನ್ನು ಚಿಕ್ಕವಳು ಹಿಂದೆ ಕಂಡಿರಲಿಲ್ಲ.

ಮನೆಯಲ್ಲಿ ಸಂಜೆ ಯಾರಿಗೂ ಅಡುಗೆ ಮಾಡುವ ಮನಸ್ಸಿರಲಿಲ್ಲ. ಅಮ್ಮ ಬ್ರೆಡ್ಡು, ಬೇಯಿಸಿದ ಮೊಟ್ಟೆ ಮುಂದಿಟ್ಟಳು.

"ಸರಿಯಾಗಿ ಹಿಡ್ಕೊಂಡಿದ್ರೆ ಹೀಗಾಗ್ತಿರ್ಲಿಲ್ಲ," ಎಂದಳು ಅಜ್ಜಿ.

ಚಿಕ್ಕವಳು ತೋಳು ಮುಂದೆ ಚಾಚಿದಳು. "ಇನ್ನೆಷ್ಟು ಸರಿಯಾಗಿ ಹಿಡ್ಕೊಳ್ಲಿ? ನೋಡು!"

"ಪಾಪ, ಆ ಮಗು ತಿಳೀದೆ ಮಾಡ್ತು..."

"ನಾನು? ನಾನು ಪಾಪ ಅಲ್ವಾ? ಆ ಷರತ್ತು ಹಾಕಿದೋರಿಗೆ ನಾನೇ ಹೋಗಿ ಹೇಳ್ತೀನಿ, ನನ್ನ ಕೈಲಿ ಆಗಲ್ಲ ಅಂತ. ನಾಳೇನೇ ಮೇಡಂ ಹತ್ರ ಹೋಗ್ತೀನಿ."

"ಹೋಗ್ಬೇಡ," ಎಂದ ಅಪ್ಪ.

"ಹೋಗ್ತೀನಿ."

"ಹೋಗ್ಬೇಡ ಅಂದ್ನಲ್ಲ! ಅವರು ಷರತ್ತು ಹಾಕಿಲ್ಲ." ಅಪ್ಪ ಬ್ರೆಡ್ಡಿನ ಚೂರನ್ನು ತಟ್ಟೆಗೆ ಹಾಕಿದ. "ನಾನೇ ಹೇಳಿದ್ದು. ಸೇರಿಸ್ಕೊಳ್ಳೋಕೆ ಹಿಂದೆಮುಂದೆ ನೋಡ್ತಿದ್ರು. ನನ್ನ ಇನ್ನೊಬ್ಬ ಮಗಳು ಪಕ್ಕದಲ್ಲೇ ಇರ್ತಾಳೆ, ನಿಮಗೇನೂ ತೊಂದ್ರೆ ಆಗಲ್ಲ ಅಂದೆ. ಅವರು ಸರಿ ಅಂದ್ರು."

ಅಮ್ಮ ಗಂಡನನ್ನೇ ದಿಟ್ಟಿಸಿದಳು. "ನನಗೂ ಹೇಳಿರ್ಲಿಲ್ವಲ್ರೀ."

"ಹೇಳಿದ್ರೆ ಏನ್ಮಾಡ್ತಿದ್ದೆ? ಲಾಂಡ್ರಿ ಬಿಟ್ಟು ಹೋಗಿ ಕೂತ್ಕೋತಿದ್ಯಾ? ಬೇರೆ ದಾರಿ ಯಾವ್ದಿತ್ತು?"

"ನನ್ನ ಕೇಳ್ಬೋದಿತ್ತು," ಎಂದಳು ಚಿಕ್ಕವಳು. "ಒಂದು ಮಾತು ಕೇಳ್ಬೋದಿತ್ತು."

ದೊಡ್ಡವಳು ಮೊಟ್ಟೆಯ ಬಿಳಿಯನ್ನೂ ಹಳದಿಯನ್ನೂ ಬೇರೆ ಬೇರೆ ಮಾಡಿಟ್ಟು ಬಿಳಿಯನ್ನಷ್ಟೇ ತಿಂದಳು.

ಮರುದಿನ ಚಿಕ್ಕವಳು ಒಬ್ಬಳೇ ಶಾಲೆಗೆ ಹೋದಳು. ಇಷ್ಟು ದಿನ ಬಯಸಿದ್ದು ಕೈಗೆ ಬಂದಿತ್ತು, ಆದರೆ ಹೀಗೆ ಬರಲೆಂದು ಅವಳು ಬಯಸಿರಲಿಲ್ಲ. ಲಾಯರ್ ಪಕ್ಕಕ್ಕೆ ಹೋಗಲಿಲ್ಲ. ಗೋಡೆಯ ಪಕ್ಕದ ಬೆಂಚಿನಲ್ಲೇ ಕೂತಳು. ಎಡಗೈ ಎಲ್ಲಿಡಬೇಕೆಂದು ತಿಳಿಯದೆ ಬೆಂಚಿನಡಿ ಇಟ್ಟುಕೊಂಡಳು.

ಕೊನೆಯ ಪೀರಿಯಡ್ಡಿಗೆ ಕ್ಲಾಸ್ ಮಿಸ್ಸು ಬಂದು ಗೋಡೆಯ ಪೋಸ್ಟರುಗಳನ್ನು ಬಿಚ್ಚತೊಡಗಿದರು. ಲಾಯರ್ ಎದ್ದು ನಿಂತಳು.

"ಮಿಸ್, ವಾರವಿಡೀ ಬಣ್ಣ ಬಳಿದ್ವಿ. ಅವಳು ಯಾಕೆ ಓಡಿಹೋದ್ಳು ಅಂತಲೇ ನಮಗೆ ಗೊತ್ತಿಲ್ಲ. ಕೇಳ್ಬೋದಾ?"

ಮಿಸ್ಸು ಕೈಯಲ್ಲಿದ್ದ ನೀಲಿ ಹೃದಯವನ್ನು ಮೇಜಿನ ಮೇಲಿಟ್ಟರು. "ನನಗೂ ಗೊತ್ತಿಲ್ಲ," ಎಂದರು. ಆಮೇಲೆ ಚಿಕ್ಕವಳ ಕಡೆ ತಿರುಗಿ, "ನಿನಗೆ ಇಷ್ಟ ಇದ್ರೆ ಹೇಳು. ಇಲ್ಲಾಂದ್ರೆ ಬೇಡ," ಎಂದರು.

ಇಷ್ಟವಿದ್ದರೆ ಎಂದು ಅವಳನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಅವಳು ಎದ್ದು ನಿಂತಳು.

"ಮುಟ್ಟಿದ್ರೆ ನಮಗೂ ಬರುತ್ತಾ?" ಎಂದು ಮುಂದಿನ ಸಾಲಿನವಳೊಬ್ಬಳು ಪಿಸುಗುಟ್ಟಿದಳು.

"ನನಗೆ ಬಂದಿದ್ಯಾ? ಹುಟ್ಟಿದಾಗಿನಿಂದ ಪಕ್ಕದಲ್ಲೇ ಮಲಗ್ತೀನಿ. ಅದು ರೋಗ ಅಲ್ಲ, ಅವಳು ಇರೋದೇ ಹಾಗೆ."

"ಮತ್ತೆ ನಾವೇನಾದ್ರೂ ಕೇಳಿದ್ರೆ ಅಣಕಿಸ್ತಾಳಲ್ಲ?"

"ಅಣಕಿಸೋದಲ್ಲ. ನೀವು ಕೇಳಿದ್ದನ್ನ ಒಂದ್ಸಲ ಹೇಳ್ಕೊಂಡು ಆಮೇಲೆ ಯೋಚ್ನೆ ಮಾಡ್ತಾಳೆ. ಕಾದ್ರೆ ಉತ್ತರ ಬರುತ್ತೆ. ನೀವು ಅಷ್ಟೊತ್ತಿಗೆ ಹೊರಟುಹೋಗಿರ್ತೀರಿ."

"ಲಿಫ್ಟಿನ ಮಾತು?" ಎಂದು ಕೇಳಿದ ಉದ್ದಕಾಲಿನ ಹುಡುಗ. ಈ ಸಲ ತಮಾಷೆಯ ದನಿಯಿರಲಿಲ್ಲ.

"ದೂರ ನಿಲ್ಲಿ ಅಂದ್ರೆ ದೂರ ನಿಲ್ಲಿ ಅಂತಾನೇ ಅರ್ಥ. ದಯವಿಟ್ಟು ಅಂತಾನೂ ಸೇರಿಸ್ತಾಳೆ. ನೀವು ಇನ್ನೂ ಹತ್ರ ಬಂದು ಇನ್ನೊಂದ್ಸಲ ಹೇಳಿಸ್ತೀರಿ."

"ನಾವು ನಗೋದು ಅವಳಿಗೆ ಗೊತ್ತಾಗುತ್ತಾ?"

"ಗೊತ್ತಾಗುತ್ತೆ."

ಲಾಯರ್ ಕನ್ನಡಕ ಸರಿಮಾಡಿಕೊಂಡಳು. "ನಂದೊಂದು ಕಡೇ ಪ್ರಶ್ನೆ. ನಿನ್ನ ಪಕ್ಕ ಕೂರೋದು ಅವಳಿಗೆ ಇಷ್ಟಾನಾ?"

"ಅಂದ್ರೆ?"

"ಅಂದ್ರೆ, ಯಾವತ್ತಾದ್ರೂ ಕೇಳಿದ್ಯಾ?"

ಚಿಕ್ಕವಳು ಯಾವತ್ತೂ ಕೇಳಿರಲಿಲ್ಲ. ನಿನ್ನೆ ಅಪ್ಪನ ಮುಂದೆ ತಾನೇ ಆಡಿದ ಮಾತು ಕಿವಿಯಲ್ಲಿ ಸುತ್ತತೊಡಗಿತು.

ರಾತ್ರಿ ಅನ್ನದ ಮುಂದೆ ಎಲ್ಲರೂ ಕೂತಾಗ ಅವಳು ಅಕ್ಕನ ಎದುರಿಗೆ ಬಂದು ಕುಳಿತಳು.

"ಅಕ್ಕ, ಶಾಲೇಲಿ ನಿನಗೆ ಎಲ್ಲಿ ಕೂರೋಕೆ ಇಷ್ಟ?"

"ಎಲ್ಲಿ ಕೂರೋಕೆ ಇಷ್ಟ," ಎಂದಳು ದೊಡ್ಡವಳು.

"ಅವಳಿಗೇನೇ ತಿಳಿಯುತ್ತೆ ಅದೆಲ್ಲ?" ಎಂದು ಅಜ್ಜಿ ಶುರುಮಾಡಿದಳು.

"ಅಜ್ಜಿ, ಒಂಚೂರು ಸುಮ್ನಿರು. ಕಾಯೋಣ."

ಕಾದರು. ಬೇಳೆ ಆರಿತು. ಅಪ್ಪ ಎರಡು ಸಲ ಗಂಟಲು ಸರಿಮಾಡಿಕೊಂಡ. ದೊಡ್ಡವಳು ಅನ್ನವನ್ನು ಬೆರಳಿನಿಂದ ಸಾಲಾಗಿ ಜೋಡಿಸಿದಳು, ಕೆಡಿಸಿದಳು, ಮತ್ತೆ ಜೋಡಿಸಿದಳು.

"ಕಿಟಕಿ," ಎಂದಳು.

"ಕಿಟಕಿ ಪಕ್ಕಾನಾ? ಯಾರ ಜೊತೆ?"

"ಯಾರ ಜೊತೆ." ಮತ್ತೆ ತಡವಾಯಿತು. "ಮರಿ ಬೇಡ."

ಮರಿ ಎಂದರೆ ಚಿಕ್ಕವಳೇ. ಮನೆಯಲ್ಲಿ ಅವಳನ್ನು ಹಾಗೆ ಕರೆಯುತ್ತಿದ್ದದ್ದು ಅಕ್ಕ ಒಬ್ಬಳೇ.

"ಮರಿ ಕೈ ಹಿಡೀತಾಳೆ," ಎಂದಳು ದೊಡ್ಡವಳು ಅನ್ನ ನೋಡುತ್ತ. "ನೋಯುತ್ತೆ. ಕೈ ಬಿಡು."

ಎಂದವಳೇ ತನ್ನ ಬಲ ಮಣಿಕಟ್ಟನ್ನು ಎಡಗೈಯಲ್ಲಿ ಮುಚ್ಚಿಕೊಂಡಳು. ಅಮ್ಮ ಬಗ್ಗಿ ನೋಡಿದಳು. ಬಳೆ ಬಿಗಿಯಾದರೆ ಆಗುತ್ತದಲ್ಲ, ಹಾಗೆ ಸುತ್ತಲೂ ಚರ್ಮ ಕಪ್ಪಿಟ್ಟಿತ್ತು. ದಿನಾ ತಲೆ ಬಾಚುವಾಗ, ಅಂಗಿ ತೊಡಿಸುವಾಗ ಕಣ್ಣೆದುರೇ ಇದ್ದದ್ದು.

ಚಿಕ್ಕವಳಿಗೆ ಮೊದಲು ಬಂದದ್ದು ಸಿಟ್ಟು. ಆಟ ಬಿಟ್ಟು, ಗೆಳತಿಯರನ್ನು ಬಿಟ್ಟು ಅಕ್ಕನನ್ನು ಕಾದದ್ದಕ್ಕೆ ಇದು ಉತ್ತರ. ಆಮೇಲೆ ಸಿಟ್ಟು ಎಲ್ಲಿಗೆ ಹೋಯಿತೋ, ಕಣ್ಣಿಂದ ನೀರು ಸುರಿದು ತಟ್ಟೆಗೆ ಬಿತ್ತು.

"ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಹಾಕಿದ್ವಿ," ಎಂದಳು ಅಮ್ಮ.

"ಕಟ್ಟಿ ಹಾಕಿದ್ದಲ್ಲಮ್ಮ, ಜೊತೆ ಮಾಡಿದ್ದು," ಎಂದಳು ಅಜ್ಜಿ. ದನಿಯಲ್ಲಿ ಮೊದಲಿನ ಗಟ್ಟಿತನವಿರಲಿಲ್ಲ. "ನಾವೆಲ್ಲ ಹೋದ್ಮೇಲೆ ಅವಳಿಗೆ ಯಾರು? ಅದನ್ನ ಹೇಳು."

"ನನಗೆ ಗೊತ್ತಿಲ್ಲ ಅತ್ತೆ. ಆದ್ರೆ ಏಳನೇ ಕ್ಲಾಸಿನ ಮಗು ಅದಕ್ಕೆ ಉತ್ತರ ಅಲ್ಲ."

"ಶಾಲೆಯೋರು ಮತ್ತೆ ಹೊರಗೆ ಹಾಕಿದ್ರೆ?" ಎಂದ ಅಪ್ಪ.

"ನೀವು ಕೈ ಮುಗಿದದ್ದು ಸಾಕು. ನಾಳೆ ನಾನು ಹೋಗ್ತೀನಿ."

ಅಮ್ಮ ಲಾಂಡ್ರಿಗೆ ತಡವಾಗಿ ಬರುತ್ತೇನೆಂದು ಹೇಳಿ ಹೆಡ್ ಮೇಡಂ ಕೋಣೆಯಲ್ಲಿ ಕೂತಳು. ಒಳಗೆ ಏನು ಮಾತಾಯಿತೋ ಚಿಕ್ಕವಳಿಗೆ ಪೂರ್ತಿ ಕೇಳಿಸಲಿಲ್ಲ. "ಇವಳನ್ನ ನೋಡ್ಕೊಳ್ಳೋದು ನನ್ನ ಇನ್ನೊಬ್ಬ ಮಗಳ ಕೆಲಸ ಅಲ್ಲ, ಮೇಡಂ. ಗೋಡೆ ಮೇಲೆ ನೀವೇ ಅಂಟಿಸಿದ್ರಲ್ಲ, ಅವರೂ ನಮ್ಮವರು ಅಂತ" ಎಂದು ಅಮ್ಮ ಹೇಳಿದ್ದು ಮಾತ್ರ ಬಾಗಿಲಾಚೆಗೂ ಬಂತು. ಮೇಡಂ ಕಡೆಗೆ, "ಒಂದು ತಿಂಗಳು ನೋಡೋಣ. ಮತ್ತೆ ಗಲಾಟೆ ಆದ್ರೆ ನೀವು ಬೇರೆ ವ್ಯವಸ್ಥೆ ಮಾಡ್ಕೋಬೇಕು," ಎಂದರು. ಅದಕ್ಕಿಂತ ಹೆಚ್ಚು ಕೊಡಲು ಅವರು ತಯಾರಿರಲಿಲ್ಲ; ಅದಕ್ಕಿಂತ ಹೆಚ್ಚು ಕೇಳಲು ಅಮ್ಮನಿಗೆ ಹೊತ್ತಿರಲಿಲ್ಲ.

ದೊಡ್ಡವಳು ಕಿಟಕಿಯ ಪಕ್ಕ ಒಬ್ಬಳೇ ಕೂತಳು. ಚಿಕ್ಕವಳು ಎರಡು ಬೆಂಚು ಹಿಂದೆ, ಲಾಯರ್ ಪಕ್ಕ. ಎಷ್ಟು ದಿನದ ಆಸೆ! ಆದರೆ ಪಾಠ ಒಂದಕ್ಷರ ತಲೆಗೆ ಹೋಗಲಿಲ್ಲ. ಅಕ್ಕನ ಬೆನ್ನನ್ನೇ ನೋಡುತ್ತಿದ್ದಳು. ಅಕ್ಕ ಒಂದೇ ಒಂದು ಸಲವೂ ಹಿಂತಿರುಗಲಿಲ್ಲ. ಊಟದ ಹೊತ್ತಿಗೆ ಎಲ್ಲಿಗೆ ಬೇಕಾದರೂ ಹೋಗಬಹುದಾಗಿದ್ದರಿಂದ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕಾರಿಡಾರಿನಲ್ಲಿ ಕಂಬಕ್ಕೆ ಒರಗಿ ನಿಂತಳು.

ಸಂಜೆ ಇಬ್ಬರೂ ಒಳಗೆ ಕಾಲಿಟ್ಟ ಕೂಡಲೇ ಅಜ್ಜಿ ಕುರ್ಚಿಯಿಂದಲೇ ಕೇಳಿದಳು. "ಇವಳನ್ನ ಯಾರು ನೋಡ್ಕೊಂಡ್ರು ಇವತ್ತು?"

"ಯಾರು ನೋಡ್ಕೊಂಡ್ರು," ಎಂದಳು ದೊಡ್ಡವಳು ಬೂಟು ಬಿಚ್ಚುತ್ತ. ಆಮೇಲೆ, "ನಾನು ಕಿಟಕಿ ನೋಡ್ಕೊಂಡೆ" ಎಂದಳು.

ಅಪ್ಪ ನಕ್ಕುಬಿಟ್ಟ. ಅಜ್ಜಿ ನಗಲಿಲ್ಲ. ಚಿಕ್ಕವಳನ್ನು ಹತ್ತಿರ ಕರೆದು, "ಆದ್ರೂ ಒಂದು ಕಣ್ಣಿಟ್ಟಿರು ಮಗಳೇ" ಎಂದಳು. ಬೆಂಚು ಬೇರೆಯಾದರೂ ಆ ಕಣ್ಣಿನ ಕೆಲಸ ತಪ್ಪುವುದಿಲ್ಲವೆಂದು ಚಿಕ್ಕವಳಿಗೆ ಗೊತ್ತೇ ಇತ್ತು.

ತಿಂಗಳು ಮುಗಿಯಲು ಇನ್ನೂ ಸ್ವಲ್ಪ ದಿನವಿದ್ದಾಗ ಕ್ಲಾಸ್ ಮಿಸ್ಸು ರಜೆ ಹಾಕಿದರು. ಅವರ ಬದಲಿಗೆ ಬಂದ ಮೇಷ್ಟರಿಗೆ ಏನೂ ತಿಳಿಯದು. ಹಿಂದಿನ ಸಾಲಿನಲ್ಲಿ ಮಾತು ಕೇಳಿಸಿತೆಂದು ಡಸ್ಟರನ್ನು ಮೇಜಿನ ಮೇಲೆ ಪಟಾರನೆ ಬಡಿದರು. ಮತ್ತೆ ಬಡಿದರು. ದೊಡ್ಡವಳು ಎದ್ದು ನಿಂತಳು. "ಬಾಗಿಲು ಮುಚ್ಚುತ್ತಿದೆ."

"ಏನದು ತಮಾಷೆ?" ಎಂದು ಮೇಷ್ಟರು ಅವಳ ಬೆಂಚಿನ ಕಡೆ ಹೆಜ್ಜೆ ಹಾಕಿದರು.

"ದಯವಿಟ್ಟು ದೂರ ನಿಲ್ಲಿ."

ಯಾರೂ ನಗಲಿಲ್ಲ. ಅವಳ ಹಿಂದಿನ ಬೆಂಚಿನವರು ಸದ್ದಾಗದಂತೆ ಬೆಂಚು ಹಿಂದಕ್ಕೆ ಸರಿಸಿದರು. ಉದ್ದಕಾಲಿನ ಹುಡುಗ ಎದ್ದು, "ಸರ್, ಅವಳು ನಿಮಗೇ ಹೇಳ್ತಿರೋದು. ದೂರ ನಿಂತ್ಕೊಳ್ಳಿ, ಸರಿಹೋಗುತ್ತೆ" ಎಂದ.

"ನನಗೇ ಬುದ್ಧಿ ಹೇಳ್ತೀಯಾ? ನಡಿ, ಹೊರಗೆ ನಿಲ್ಲು!"

ಹುಡುಗ ಹೊರಗೆ ನಡೆದ. ಅವನ ಹಿಂದೆಯೇ ದೊಡ್ಡವಳೂ ಕಿವಿ ಮುಚ್ಚಿಕೊಂಡು ಹೊರಗೆ ಹೋದಳು. ಮೇಷ್ಟರು ಬೆಪ್ಪಾದರು. "ಇವಳ ಜೊತೆ ಯಾರೂ ಇಲ್ವಾ?" ಎಂದು ಕೇಳಿದರು. ಯಾರೂ ಬೆರಳು ತೋರಿಸಲಿಲ್ಲ. ಆದರೂ ಚಿಕ್ಕವಳು ಎದ್ದುನಿಂತಿದ್ದಳು. ಕಾಲು ತಾವಾಗಿಯೇ ಎದ್ದಿದ್ದವು.

ಅವಳು ಬಾಗಿಲ ತನಕ ಹೋದಳು. ಕಾರಿಡಾರಿನಲ್ಲಿ ಅಕ್ಕ ಅತ್ತಿಂದಿತ್ತ ಇತ್ತಿಂದತ್ತ ನಡೆಯುತ್ತಿದ್ದಳು. ಹುಡುಗ ಗೋಡೆಗೆ ಬೆನ್ನಂಟಿಸಿ ಅವಳಿಗೆ ದಾರಿ ಬಿಟ್ಟು ನಿಂತಿದ್ದ. ಮೇಡಂ ಕೋಣೆಯ ಬಾಗಿಲು ಅಲ್ಲಿಗೆ ಕಾಣುತ್ತಿತ್ತು. ಅದು ತೆರೆದರೆ ಗತಿಯೇನೆಂದು ಚಿಕ್ಕವಳು ಅತ್ತಲೇ ನೋಡಿದಳು. ಓಡಿ ಹಿಡಿದುಕೊಳ್ಳಬೇಕೆಂದು ಎಡಗೈ ತುಡಿಯಿತು. ಅವಳು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಳು. ಅಕ್ಕ ಅವಳ ಮುಂದೆಯೇ ಹಾದುಹೋದಳು, ಮತ್ತೆ ಹಾದುಹೋದಳು. ನಡಿಗೆ ನಿಧಾನವಾಯಿತು. ಕಿವಿಯಿಂದ ಒಂದು ಕೈ ಇಳಿಯಿತು, ಆಮೇಲೆ ಇನ್ನೊಂದು. ಅವಳು ಯಾರನ್ನೂ ನೋಡದೆ ಒಳಗೆ ಹೋಗಿ ಕಿಟಕಿಯ ಪಕ್ಕ ಕೂತಳು.

ಚಿಕ್ಕವಳೂ ತನ್ನ ಬೆಂಚಿಗೆ ಬಂದಳು. ನಾಳೆ ಮೇಡಂ ಕರೆಸಬಹುದು, ಕರೆಸದೆಯೂ ಇರಬಹುದು. ಮೇಷ್ಟರು ಮುಖ ಒರೆಸಿಕೊಂಡು, ದನಿ ತಗ್ಗಿಸಿ ಪಾಠ ಮುಂದುವರಿಸಿದರು. ಲಾಯರ್ ಅವಳನ್ನು ಏನೂ ಕೇಳಲಿಲ್ಲ. ತನ್ನ ಪುಸ್ತಕವನ್ನು ಇಬ್ಬರ ನಡುವೆ ಸರಿಸಿ, ಓದುತ್ತಿದ್ದ ಸಾಲಿನ ಕೆಳಗೆ ಬೆರಳಿಟ್ಟಳು.